ಬೇಸಿನ್ನಿನ ಪ್ರತೀಕಾರ

ರವೀಂದ್ರನಾಥ ಟಾಗೋರರು 22ರ ಹರೆಯದಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಕಡಲು, ಕಾಳಿ ನದಿ ನೋಡುತ್ತ ರವೀಂದ್ರರು ಒಂದು ನಾಟಕ ಬರೆದರು. 1884ರಲ್ಲಿ ಅಚ್ಚಾದ ಅದರ ಹೆಸರು ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ಪ್ರಕೃತಿಯ ಪ್ರತೀಕಾರ. ಅಂಕೋಲೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ, ಮಕ್ಕಳಿಗೆ ತೂಕಡಿಕೆ ಬಂದರೆ ನಾನು ಈ ಕತೆ ಹೇಳುತ್ತಿದ್ದೆ. ನಿವೃತ್ತನಾಗಿ ಕಾರವಾರದಲ್ಲಿ ಮನೆ ಮಾಡಿದ ಮೇಲೆ ತಿಳಿಯಿತು, ಪ್ರತೀಕಾರಕ್ಕೆ ಪ್ರಕೃತಿಯೇ ಬೇಕೆಂದಿಲ್ಲ, ಬಾತ್‌ರೂಮಿನ ಬೇಸಿನ್ನೂ ಸಾಕು.

ನೀರು ನಿಂತೇ ಹೋಗಿತ್ತು ಎಂದಲ್ಲ. ಹೋಗುತ್ತಿತ್ತು, ಸರ್ಕಾರಿ ಕಡತ ಹೋದ ಹಾಗೆ. ಬೆಳಿಗ್ಗೆ ಉಗುಳಿದ ಪೇಸ್ಟಿನ ನೊರೆ ತಿಂಡಿಯ ಹೊತ್ತಿಗೂ ಅಲ್ಲೇ ಸುತ್ತು ಹಾಕುತ್ತಿರುತ್ತಿತ್ತು. ಚೌತಿ ಹತ್ತಿರ ಬಂದಿತ್ತು, ಅಂಕೋಲೆಯ ನೆಂಟರೂ ಬರುವವರಿದ್ದರು. ಪ್ಲಂಬರಿಗೆ ಫೋನ್ ಮಾಡಿದರೆ, ‘ಚೌತಿ ಮುಗೀಲಿ ಸರ್’ ಎಂದ. ಹೆಂಡತಿ ನನ್ನ ಮುಖ ನೋಡಿದಳು. ನಾನು ವಿಜ್ಞಾನದ ಮಾಸ್ತರ. ಸಮಸ್ಯೆ ಬಂದರೆ ಮೊದಲು ಸಿದ್ಧಾಂತ ಕಟ್ಟಬೇಕು.

ಕಟ್ಟಿದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಅಂತರ್ಜಲ ಮೇಲೆದ್ದು ಇಂಗುಗುಂಡಿ ತುಂಬಿ, ಬಚ್ಚಲ ನೀರು ಮುಂದೆ ಹೋಗದೆ ಸತಾಯಿಸುವುದು ಹೊಸತಲ್ಲ. ಕೋಡಿಬಾಗದಲ್ಲಿ ಕಾಳಿ ಸಮುದ್ರ ಸೇರುವಲ್ಲಿ ಭರತಿಯ ಹೊತ್ತಿಗೆ ನದಿಯೇ ಹಿಮ್ಮೊಗವಾಗುತ್ತದೆ. ಹಾಗಾದರೆ ನಮ್ಮ ಬೇಸಿನ್ನಿಗೂ ಭರತಿ ಇಳಿತ ಇರಲೇಬೇಕು! ಬೈತಖೋಲದ ಮೀನುಗಾರರ ಹತ್ತಿರ ಭರತಿಯ ಹೊತ್ತು ಕೇಳಿಕೊಂಡು ಬಂದು, ನೀರು ಇಳಿಯಲು ಹಿಡಿದ ಸಮಯವನ್ನು ಪಟ್ಟಿಯಲ್ಲಿ ಬರೆಯತೊಡಗಿದೆ. ಪಟ್ಟಿ ಚೆನ್ನಾಗಿಯೇ ಬೆಳೆಯುತ್ತಿತ್ತು. ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು: ‘ನಮ್ಮ ಬೇಸಿನ್ ಇರೂದು ಮಾಳಿಗೆ ಮೇಲೆ. ಅಲ್ಲೀತನಕ ಸಮುದ್ರ ಬಂದ್ರೆ ಕಾರವಾರವೇ ಇರೂದಿಲ್ಲ ಮಾರಾಯ್ರೆ.’ ಇಂಥ ಮಾತನ್ನು ವಿದ್ಯಾರ್ಥಿ ಆಡಿದ್ದರೆ ಹೊರಗೆ ನಿಲ್ಲಿಸಬಹುದಿತ್ತು.

ಮುಂದಿನದು ರಸಾಯನಶಾಸ್ತ್ರ. ಅಡುಗೆ ಸೋಡಾ ಹಾಕಿ ವಿನೆಗರ್ ಸುರಿದರೆ ಕೊಳವೆ ಸ್ವಚ್ಛ ಎಂದು ಮೊಬೈಲಿನಲ್ಲಿ ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ವಿನೆಗರ್ ಇರಲಿಲ್ಲ. ಆದರೆ ಆಮ್ಲ ಆಮ್ಲವೇ. ಬೇಸಿಗೆಯಲ್ಲಿ ಉಪ್ಪು ಹಾಕಿ ಇಟ್ಟ ಮುರುಗಲ ರಸದ ಬಾಟಲಿ ಅಡುಗೆಮನೆಯಲ್ಲಿತ್ತು. ಸುರಿದೆ. ಭುಸ್ಸೆಂದು ನೊರೆ ಉಕ್ಕಿತು. ನನಗೋ ಪ್ರಯೋಗಾಲಯಕ್ಕೆ ಮರಳಿದ ಸಂಭ್ರಮ. ಮುರುಗಲ ಕೆಂಪು ಬಣ್ಣಕ್ಕೆ ಕ್ಷಾರ ತಾಗಿದರೆ ಅದು ಲಿಟ್ಮಸ್ಸಿನಂತೆ ಬದಲಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ನೆನಪಾಗಲಿಲ್ಲ ಅಷ್ಟೆ. ಬಿಳಿ ಬೇಸಿನ್ ಒಂದು ಕಡೆ ನೇರಳೆ, ಇನ್ನೊಂದು ಕಡೆ ನೀಲಿ-ಬೂದಿ ಆಯಿತು. ಆ ನೊರೆ ಬರಿಯ ಇಂಗಾಲದ ಡೈಆಕ್ಸೈಡ್. ಕೊಳವೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಅದು ಕರಗಿಸುವುದಿಲ್ಲ. ನೀರು ಇದ್ದಲ್ಲೇ ಇತ್ತು, ವರ್ಷದ ಸಾರಿನ ಹುಳಿ ಮಾತ್ರ ಹೋಗಿತ್ತು. ಕೂದಲನ್ನು ನಿಜಕ್ಕೂ ಕರಗಿಸುವುದು ಕಾಸ್ಟಿಕ್ ಸೋಡಾ, ಆದರೆ ಅದು ನೀರಿಗೆ ಬಿದ್ದರೆ ಕುದಿಯುವಷ್ಟು ಕಾಯುತ್ತದೆ, ಸಿಡಿದರೆ ಕಣ್ಣಿಗೇ ಕುತ್ತು. ಅದರ ತಂಟೆಗೆ ಮಾತ್ರ ನಾನು ಹೋಗಲಿಲ್ಲ. ಇಷ್ಟು ವರ್ಷ ತೆಗೆದುಕೊಂಡ ಸಂಬಳಕ್ಕೆ ಅಷ್ಟಾದರೂ ನ್ಯಾಯ ಸಲ್ಲಬೇಕಲ್ಲ.

ಹಿಡಿಕಡ್ಡಿ ತೂರಿಸಿದೆ. ಮುರಿದು ಒಳಗೇ ಉಳಿಯಿತು.

ಕೊನೆಗೆ ಉಳಿದದ್ದು ಬೇಸಿನ್ನಿನ ಕೆಳಗಿನ ಬಾಟಲ್ ಟ್ರ್ಯಾಪ್. ಅದರ ಬಟ್ಟಲಲ್ಲಿ ಸದಾ ಒಂದಿಷ್ಟು ನೀರು ನಿಂತು ಚರಂಡಿಯ ವಾಸನೆಯನ್ನು ತಡೆಯುತ್ತದೆ. ಕೊಳವೆಯನ್ನು ಬಾಗಿಸಿ ನೀರು ನಿಲ್ಲಿಸುವ ಈ ಉಪಾಯಕ್ಕೆ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಲಂಡನ್ನಿನ ಗಡಿಯಾರ ತಯಾರಕ. ಇಷ್ಟನ್ನು ಹೆಂಡತಿಗೆ ವಿವರಿಸಿ, ದೊಡ್ಡ ಪೈಪ್ ಪಾನಾ ಹಿಡಿದು ಬಗ್ಗಿದೆ. ಬಿಚ್ಚಲು ಎಡಕ್ಕೆ ತಿರುಗಿಸಬೇಕು, ನಿಜ. ಆದರೆ ಆ ಎಡ ಕೆಳಗಿನಿಂದ ನೋಡಿದಾಗಿನದು. ನಾನು ಮೇಲಿನಿಂದ ಬಗ್ಗಿ ನೋಡಿ ಎಡಕ್ಕೆ ತಿರುಗಿಸುತ್ತಿದ್ದೆ. ಅಂದರೆ ಮೈಯ ಬಲವನ್ನೆಲ್ಲ ಹಾಕಿ ಬಿಗಿಯುತ್ತಿದ್ದೆ. ಅದೇ ಹೊತ್ತಿಗೆ ಅಂಕೋಲೆಯಿಂದ ಬಂದ ಹೆಂಡತಿಯ ತಮ್ಮ ಬಾಗಿಲಲ್ಲಿ ಚೀಲ ಇಟ್ಟು, ‘ಬಾವಾ, ಪಾನಾ ಎಂತಕ್ಕೆ? ಅದು ಕೈಯಲ್ಲೇ ತಿರುಗ್ತದೆ’ ಎನ್ನುವುದಕ್ಕೂ ಬಟ್ಟಲು ಫಟ್ಟೆಂದು ಸೀಳುವುದಕ್ಕೂ ಸರಿಹೋಯಿತು. ನೇರಳೆ ಕೊಚ್ಚೆ ನನ್ನ ಬನಿಯನ್ನಿನ ಮೇಲೆ ಇಳಿಯಿತು. ಕೆಳಗೆ ಬಕೆಟ್ ಇಡುವ ವಿಷಯವನ್ನು ಕಮಿಂಗ್ ಹೇಳಿರಲಿಲ್ಲ.

ಕೊಚ್ಚೆಯ ಜೊತೆ ಕೂದಲಿನ ಉಂಡೆಯೊಂದು ನೆಲಕ್ಕೆ ಬಿತ್ತು. ಭರತಿಯ ಸಿದ್ಧಾಂತ ಬಿದ್ದಾಗಿನಿಂದ ಹೆಂಡತಿಯ ಉದ್ದ ಜಡೆಯನ್ನು ನಾನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದ್ದೆ. ಭಾಮೈದ ಅದೇ ಮುರಿದ ಹಿಡಿಕಡ್ಡಿಯಿಂದ ಉಂಡೆಯನ್ನು ಬಿಡಿಸಿ ಬೆಳಕಿಗೆ ಹಿಡಿದ. ಕೂದಲೆಲ್ಲ ಗಿಡ್ಡ. ತುದಿ ಕಪ್ಪು, ಬುಡ ಬಿಳಿ. ಹೆಂಡತಿ ತನ್ನ ನರೆಯನ್ನು ಎಂದೂ ಮುಚ್ಚಿಟ್ಟವಳಲ್ಲ. ಈ ಮನೆಯಲ್ಲಿ ತಿಂಗಳಿಗೊಮ್ಮೆ ಬೇಸಿನ್ನಿಗೆ ಬಗ್ಗಿ ಡೈ ತೊಳೆಯುವ ತಲೆ ಒಂದೇ. ಅಕ್ಕ ತಮ್ಮ ಇಬ್ಬರೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಹೊಸ ಟ್ರ್ಯಾಪನ್ನು ಪೇಟೆಯಿಂದ ತಂದವನೂ ಕೂರಿಸಿದವನೂ ಭಾಮೈದನೇ, ಅದೂ ಬರಿಗೈಯಲ್ಲಿ. ಈಗ ನೀರು ಸರಾಗವಾಗಿ ಹೋಗುತ್ತಿದೆ. ಕೂದಲಿಗೆ ಬಣ್ಣ ಹಚ್ಚುವ ಮಹನೀಯರಲ್ಲಿ ವಿನಂತಿ ಇಷ್ಟೇ: ತಲೆಯನ್ನು ಬಚ್ಚಲಲ್ಲಿ ತೊಳೆಯಿರಿ, ಬೇಸಿನ್ನಿಗೆ ಜಾಲಿ ಹಾಕಿಸಿ. ಟ್ರ್ಯಾಪ್ ಬಿಚ್ಚಲೇಬೇಕಾದರೆ ಕೆಳಗೆ ಬಕೆಟ್ ಇಟ್ಟು ಕೈಯಲ್ಲೇ ತಿರುಗಿಸಿ, ಬಟ್ಟಲ ರಬ್ಬರ್ ವಾಶರನ್ನು ಕೊಳೆಯ ಜೊತೆ ಎಸೆಯಬೇಡಿ. ಮತ್ತೆ, ಯಾವ ಕಾರಣಕ್ಕೂ ಮುರುಗಲ ಬಾಟಲಿ ಮುಟ್ಟಬೇಡಿ.