ನಿರ್ದೇಶಕರ ಮನೆಯ ಡಬ್ಬಿ

ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಂಬತ್ತು ಜನ ನಿರ್ದೇಶಕರು. ಎಂಟು ಜನ ಸಭೆಗೆ ಬಂದು, ಚಹಾ ಕುಡಿದು, ಸಹಿ ಹಾಕಿ ಹೋಗುತ್ತಾರೆ. ಭಾಷಣ ಮಾಡುವವನು ನಾನು. 2025ರ ಜೂನ್ 1 ಭಾನುವಾರ ಬಂದದ್ದರಿಂದ ವಿಶ್ವ ಹಾಲು ದಿನವನ್ನು ನಾವು ಸೋಮವಾರ ಊರಿನ ಶಾಲೆಯಲ್ಲಿ ಆಚರಿಸಿದೆವು. ಮಕ್ಕಳು ಆಗಷ್ಟೇ ಕ್ಷೀರಭಾಗ್ಯದ ಲೋಟ ತೊಳೆದಿಟ್ಟು ಕೂತಿದ್ದವು. ಓಡಿಹೋಗಲು ದಾರಿಯಿರಲಿಲ್ಲ, ಹೊರಗೆ ಮಳೆ. ನಾನು ಮೈಕ್ ಹಿಡಿದು ಇಪ್ಪತ್ತೈದು ನಿಮಿಷ ಮಾತಾಡಿದೆ. ಕೊನೆಗೆ ಮೇಜು ಕುಟ್ಟಿ, ‘ಭೂಮಿಗೆ ಬಿದ್ದ ಮಗುವಿಗೆ ಆಗದ ಔಷಧಿ ಇರಬಹುದು, ಆಗದ ಅನ್ನ ಇರಬಹುದು. ಹಸುವಿನ ಹಾಲು ಆಗದ ಮಗು ಈ ಸಾಗರ ತಾಲ್ಲೂಕಿನಲ್ಲಿ ಇದ್ದರೆ ತೋರಿಸಿ!’ ಎಂದು ಸವಾಲು ಹಾಕಿದೆ. ಮೇಷ್ಟ್ರು ಚಪ್ಪಾಳೆ ಹೊಡೆಸಿದರು.

ಹತ್ತೇ ದಿನದಲ್ಲಿ ಅಂಥ ಮಗು ಪತ್ತೆಯಾಯಿತು. ನಮ್ಮ ಮನೆಯ ತೊಟ್ಟಿಲಲ್ಲಿ.

ನನ್ನ ಗೋಭಕ್ತಿ ಇವತ್ತು ನಿನ್ನೆಯದಲ್ಲ. 2007ರ ಏಪ್ರಿಲ್‌ನಲ್ಲಿ ಹೊಸನಗರದ ರಾಮಚಂದ್ರಾಪುರ ಮಠದಲ್ಲಿ ವಿಶ್ವ ಗೋ ಸಮ್ಮೇಳನ ನಡೆದಾಗ ನಾನು ಪಿಯುಸಿ ಪರೀಕ್ಷೆ ಬರೆದು, ಫಲಿತಾಂಶದ ಹೆದರಿಕೆಯಲ್ಲಿ ಪುಣ್ಯಕಾರ್ಯ ಹುಡುಕುತ್ತಿದ್ದ ಹುಡುಗ. ಅಲ್ಲಿ ಆನೆಮರಿಯಂಥ ಗಿರ್ ಹಸುಗಳನ್ನು ನೋಡಿ ಬೆರಗಾದೆ. ಮನೆಗೆ ಬಂದು ನಮ್ಮ ಮಲೆನಾಡು ಗಿಡ್ಡದ ಎದುರು ನಿಂತು, ಇಷ್ಟು ವರ್ಷ ನಿನ್ನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ ಎಂದು ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಅದು ನನ್ನ ಅಂಗಿಯ ತುದಿ ತಿಂದಿತು. ಮೂರಡಿ ಎತ್ತರದ ಪ್ರಾಣಿ, ದಿನಕ್ಕೆ ಎರಡು ಲೀಟರ್ ಕೊಟ್ಟರೆ ಹಬ್ಬ, ಬೇಲಿ ಹಾರುವುದರಲ್ಲಿ ಮಾತ್ರ ಜಿಂಕೆ. ಆದರೂ ಅಂದಿನಿಂದ ನಾನು ಗಿಡ್ಡದ ವಕೀಲ. ಈಗ ಕೊಟ್ಟಿಗೆಯಲ್ಲಿ ಎರಡು ಗಿಡ್ಡ, ಎರಡು ಜೆರ್ಸಿ ಮಿಶ್ರತಳಿ. ಗಿಡ್ಡದ ಹಾಲು ಮನೆಗೆ, ಜೆರ್ಸಿಯದು ಡೈರಿಗೆ. ಭಾಷಣ ಗಿಡ್ಡದ ಮೇಲೆ, ಬಟವಾಡೆ ಜೆರ್ಸಿಯ ಮೇಲೆ.

ಮಗಳಿಗೆ ಆಗ ಏಳನೇ ತಿಂಗಳು. ಇವಳು, ಅಂದರೆ ನನ್ನ ಹೆಂಡತಿ, ಸರ್ಕಾರಿ ಶಾಲೆಯ ಟೀಚರು. ನೂರೆಂಬತ್ತು ದಿನದ ಹೆರಿಗೆ ರಜೆ ಮುಗಿದು, ಬೇಸಿಗೆ ರಜೆಯೂ ಮುಗಿದು ಶಾಲೆಗೆ ಹೊರಟಳು. ರಾತ್ರಿಗೆ ತಾಯಿಯ ಹಾಲು, ಹಗಲಿಗೆ ಡಾಕ್ಟರಮ್ಮ ಬರೆದುಕೊಟ್ಟ ಪುಡಿ ಎಂದು ತೀರ್ಮಾನವಾಯಿತು. ಆ ಪುಡಿಯೂ ಹಸುವಿನ ಹಾಲಿನದ್ದೇ. ನನಗೆ ಅಲ್ಲೇ ಕೆರಳಿತು. ಯಾವುದೋ ದೇಶದ, ಮುಖ ನೋಡದ ದನದ ಹಾಲನ್ನು ಒಣಗಿಸಿ ಡಬ್ಬಿಗೆ ತುಂಬಿದ್ದನ್ನು ನಾನು ದುಡ್ಡು ಕೊಟ್ಟು ತರಬೇಕೆ? ಕೊಟ್ಟಿಗೆಯಲ್ಲಿ ಕಾಮಧೇನು ಸೊಪ್ಪು ಮೆಲ್ಲುತ್ತ ನಿಂತಿರುವಾಗ? ಇವಳು ಬಸ್ಸು ಹತ್ತಿದ ಮೇಲೆ ನಾನು ಗಿಡ್ಡದ ಹಾಲಿಗೆ ನೀರು ಬೆರೆಸಿ, ಕಾಯಿಸಿ, ಆರಿಸಿ ಕೂಸಿಗೆ ಕುಡಿಸತೊಡಗಿದೆ. ನೀರು ಬೆರೆಸಿದ ಹಾಲಿನ ವಿರುದ್ಧ ಸಂಘದಲ್ಲಿ ಗುಡುಗುವವನೂ ನಾನೇ ಎಂಬುದು ಆಗ ನೆನಪಾಗಲಿಲ್ಲ.

ಮೂರನೇ ದಿನ ಕೂಸಿನ ಕೆನ್ನೆಯೆಲ್ಲ ಕೆಂಪು ದದ್ದು. ಐದನೇ ದಿನ ವಾಂತಿ. ನನ್ನಮ್ಮ, ನಮ್ಮ ಮನೆಯ ಆಯಿ, ಬಜೆ ತೇಯ್ದಳು, ಜಾಯಿಕಾಯಿ ತೇಯ್ದಳು, ದೃಷ್ಟಿ ತೆಗೆದಳು. ಭಾಷಣ ಮಾಡಿದ ನನಗೂ ಸೇರಿಸಿಯೇ ತೆಗೆದಳು. ಆಮೇಲೊಂದು ದಿನ ಬಟ್ಟೆಯಲ್ಲಿ ರಕ್ತದ ಎಳೆ ಕಂಡಿತು. ನನ್ನ ಮಾತು ಅಲ್ಲಿಗೆ ನಿಂತಿತು. ಸಾಗರದ ಪೇಟೆ ತಲುಪುವವರೆಗೂ ಬಾಯಿ ಬಿಟ್ಟಿಲ್ಲ, ನನ್ನ ಜೀವನದಲ್ಲಿ ಅದೊಂದು ದಾಖಲೆ.

ಡಾಕ್ಟರಮ್ಮ ಎಲ್ಲ ಕೇಳಿ, ನೋಡಿ, ಪರೀಕ್ಷಿಸಿ, ಹಸುವಿನ ಹಾಲಿನ ಪ್ರೋಟೀನು ಕೂಸಿಗೆ ಆಗುತ್ತಿಲ್ಲ ಎಂದರು. ‘ಪುಡಿ ಬಿಟ್ಟು ಬೇರೇನಾದರೂ ಕೊಟ್ಟಿದ್ದಿರಾ?’

ಇವಳು ‘ಇಲ್ಲ’ ಎಂದಳು. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿ ಓದುತ್ತಿದ್ದೆ.

‘ಹೆಗಡೆಯವರೇ?’

ಒಪ್ಪಿಕೊಂಡೆ. ಒಂದು ವರ್ಷ ತುಂಬುವವರೆಗೆ ದನದ ಹಾಲನ್ನು ಕುಡಿಯಲು ಕೊಡಬಾರದು, ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಎಳೆ ಮೂತ್ರಪಿಂಡಕ್ಕೂ ಭಾರ ಎಂದು ಅವರು ವಿವರಿಸಿದರು. ಇವಳು ಏನೂ ಹೇಳಲಿಲ್ಲ. ಅದು ಹೆಚ್ಚು ಅಪಾಯದ್ದು.

ಮಾನ ಉಳಿಸಿಕೊಳ್ಳಲು ನಾನು ಕೊನೆಯ ಅಸ್ತ್ರ ತೆಗೆದೆ. ‘ಮೇಡಂ, ಇದು ಎ2 ಹಾಲು. ಗಿಡ್ಡದ್ದು.’ ಅವರು ನಕ್ಕರು. ಬೀಟಾ ಕೇಸಿನ್ ಅನ್ನುವ ಪ್ರೋಟೀನು 209 ಮಣಿಗಳ ಸರವಿದ್ದ ಹಾಗಂತೆ. ಎ1ಕ್ಕೂ ಎ2ಕ್ಕೂ ಮುಖ್ಯ ವ್ಯತ್ಯಾಸ 67ನೇ ಮಣಿಯದ್ದು. ‘ನಿಮ್ಮ ಮಗಳು ಅಷ್ಟು ಎಣಿಸಿ ನೋಡುವುದಿಲ್ಲ, ಇಡೀ ಸರವೇ ಬೇಡ ಅನ್ನುತ್ತಿದ್ದಾಳೆ’ ಎಂದರು. ಹದಿನೆಂಟು ವರ್ಷದ ನನ್ನ ವಕಾಲತ್ತು ಒಂದು ಮಣಿಯ ಮೇಲೆ ನಿಂತಿತ್ತು ಎಂದು ಗೊತ್ತಾದದ್ದು ಅವತ್ತು.

ಎಮ್ಮೆ? ಅದೂ ಹತ್ತಿರದ ಸಂಬಂಧ, ಬೇಡ. ಆಡು? ಅದೂ ಬೇಡ. ನಾನು ಗಾಂಧೀಜಿಯವರನ್ನು ಎಳೆದುತಂದೆ. ಹಾಲು ಮುಟ್ಟುವುದಿಲ್ಲ ಎಂದು ವ್ರತ ಹಿಡಿದಿದ್ದ ಅವರು ಕಾಯಿಲೆ ಬಿದ್ದಾಗ, ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಮತ್ತು ಎಮ್ಮೆ ತಾನೇ, ಆಡಿನದು ಕುಡಿಯಬಹುದಲ್ಲ ಎಂದು ದಾರಿ ತೋರಿಸಿದ್ದು ಕಸ್ತೂರಬಾ. ‘ಗಾಂಧೀಜಿಯವರಿಗೆ ಆಗ ಏಳು ತಿಂಗಳಾಗಿರಲಿಲ್ಲ’ ಎಂದರು ಡಾಕ್ಟರಮ್ಮ. ಪ್ರೋಟೀನನ್ನು ಮೊದಲೇ ತುಂಡರಿಸಿಟ್ಟ ಪುಡಿಯೊಂದಿದೆ, ಮೊದಲ ಆಯ್ಕೆ ಅದು, ಆದರೆ ಇಲ್ಲಿ ಸಿಗುವುದು ಕಷ್ಟ, ರೇಟು ಕೇಳಿದರೆ ಈ ಸಲದ ಚಾಲಿ ಅಡಿಕೆ ಮಾರಬೇಕಾಗುತ್ತದೆ ಎಂದರು. ಆರು ತಿಂಗಳು ದಾಟಿದ್ದರಿಂದ ಸೋಯಾ ನೋಡಬಹುದು. ಕೆಲವು ಮಕ್ಕಳಿಗೆ ಅದೂ ಆಗುವುದಿಲ್ಲ, ಆದ್ದರಿಂದ ಕಣ್ಣಿಟ್ಟಿರಬೇಕು. ತಾಯಿಯ ಹಾಲು ನಿಲ್ಲಿಸಬೇಡಿ, ಆದರೆ ತಾಯಿ ಸದ್ಯಕ್ಕೆ ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲ ಬಿಡಬೇಕು.

ಸೋಯಾ ಡಬ್ಬಿ ಪೇಟೆಯ ಮೂರು ಮೆಡಿಕಲ್‌ನಲ್ಲಿ ಸಿಗಲಿಲ್ಲ. ನಾಲ್ಕನೆಯವನು ಶಿವಮೊಗ್ಗಕ್ಕೆ ಫೋನು ಮಾಡಿ ಸಂಜೆಯ ಬಸ್ಸಿಗೆ ಹಾಕಿಸಿದ. ಡಬ್ಬಿಯ ಮೇಲೆ ಗುಂಡುಗುಂಡಗಿನ ಮಗು ನಗುತ್ತಿರಬಹುದು ಎಂದುಕೊಂಡಿದ್ದೆ. ಮಗುವಿನ ಚಿತ್ರವೇ ಇಲ್ಲ. 1992ರ ಕಾನೂನಿನ ಪ್ರಕಾರ ಹಾಕುವಂತಿಲ್ಲವಂತೆ, ಜಾಹೀರಾತೂ ಕೊಡುವಂತಿಲ್ಲವಂತೆ. ಬದಲಿಗೆ ತಾಯಿಯ ಹಾಲೇ ಶ್ರೇಷ್ಠ ಎಂಬ ಎಚ್ಚರಿಕೆ. ಅಡಿಕೆ ಬೆಳೆಯುವವರಿಗೆ ಎಚ್ಚರಿಕೆ ಅಚ್ಚಾದ ಪೊಟ್ಟಣ ಹೊಸತಲ್ಲ. ನಮ್ಮ ಬೆಳೆ ಕೊನೆಗೆ ಸೇರುವ ಪೊಟ್ಟಣಗಳ ಮೇಲೆ ಇದಕ್ಕಿಂತ ಭಯಂಕರವಾದದ್ದು ಇರುತ್ತದೆ. ಹಾಗಾಗಿ ಧೈರ್ಯವಾಗಿ ಮನೆಗೆ ತಂದೆ.

ಆಯಿ ಡಬ್ಬಿಯನ್ನು ದೂರದಿಂದಲೇ ನೋಡಿದಳು. ‘ಎಂತದಾ ತಮಾ ಇದು?’

‘ಸೋಯಾ.’

‘ಸೋಯಾ ಅಂದ್ರೆ ಪಲಾವಿಗೆ ಹಾಕ್ತ್ವಲಾ, ಆ ಮೀಲ್ ಮೇಕರ್ರಾ?’

ನಮ್ಮ ಕಡೆಯ ಹಿರಿಯರಿಗೆ ಸೋಯಾ ಗೊತ್ತಿರುವುದು ಅದೊಂದೇ ರೂಪದಲ್ಲಿ. ಯಾವುದೋ ಮದುವೆ ಮನೆಯಲ್ಲಿ ಪಲಾವಿನೊಳಗೆ ಕಂಡ ಆ ರಬ್ಬರಿನಂಥ ತುಂಡು ಮಾಂಸವೇ ಇರಬೇಕೆಂದು ಆಯಿ ಎಲೆ ಬಿಟ್ಟು ಎದ್ದಿದ್ದಳು. ಮನೆಗೆ ಬಂದು ಸ್ನಾನವನ್ನೂ ಮಾಡಿದ್ದಳು. ಈಗ ಅದನ್ನೇ ಪುಡಿ ಮಾಡಿ ಮೊಮ್ಮಗಳಿಗೆ ಕುಡಿಸಲು ಮಗ ತಂದಿದ್ದಾನೆ. ನಾನು ಸಮಜಾಯಿಷಿ ಹೇಳಿದೆ: ಇದು ಕಾಳು ಆಯಿ, ಬೀದರ್, ಬೆಳಗಾವಿ, ಧಾರವಾಡದ ಕಡೆ ಬೆಳೀತಾರೆ. 1909ರಲ್ಲೇ ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ ರೂರಾ ಎಂಬ ಡಾಕ್ಟರು ಎಳೆ ಮಕ್ಕಳಿಗೆ ಇದನ್ನು ಕುಡಿಸಿದ್ದರು. 1935ರಲ್ಲಿ ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ನಮ್ಮ ಜೆರ್ಸಿಗೆ ಹಾಕುವ ಹಿಂಡಿಯಲ್ಲೂ ಇದೇ ಇದೆ.

ಕೊನೆಯ ವಾಕ್ಯ ಹೇಳಬಾರದಿತ್ತು. ‘ದನದ ಹಿಂಡಿಯಾ?’ ಎಂದು ಆಯಿ ತೊಟ್ಟಿಲಿಗೆ ಅಡ್ಡ ನಿಂತಳು. ನಾನು ಸಹಕಾರ ತತ್ವಕ್ಕೆ ಜಿಗಿದೆ. ಮಧ್ಯವರ್ತಿಗಳ ಕಾಟ ತಪ್ಪಿಸಲಿಕ್ಕೆಂದೇ ಮಲೆನಾಡಿನ ಅಡಿಕೆಯವರು 1939ರಲ್ಲಿ ಮ್ಯಾಮ್ಕೋಸ್ ಕಟ್ಟಲಿಲ್ಲವೇ? ಇಲ್ಲೂ ಅಷ್ಟೇ. ಸೋಯಾ ತಿಂದು ಹಾಲು ಕೊಡುವ ದನ ಒಂದು ಮಧ್ಯವರ್ತಿ. ನಾವು ಅದನ್ನು ಬಿಟ್ಟು ನೇರ ಖರೀದಿ ಮಾಡುತ್ತಿದ್ದೇವೆ. ಅಂಗಳದಿಂದ ಗಿಡ್ಡ ‘ಅಂಬಾ’ ಎಂದಿತು. ಎರಡು ದಿನ ನನಗೆ ಅದರ ಮುಖ ನೋಡಲಾಗಲಿಲ್ಲ.

ಕೂಸಿಗೂ ನೇರ ಖರೀದಿ ಹಿಡಿಸಲಿಲ್ಲ. ಮೊದಲ ಗುಟುಕನ್ನು ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡಿ, ತುಟಿ ಬಿಗಿದು, ನನ್ನ ಬಿಳಿ ಪಂಚೆಯ ಮೇಲೆ ಬಿಟ್ಟಿತು. ನಾನೂ ಒಂದು ಚಮಚ ನೆಕ್ಕಿ ನೋಡಿದೆ. ಹುರುಳಿ ಬೇಯಿಸಿದ ನೀರಿಗೆ ಗೋಡೆಯ ಸುಣ್ಣ ಕದಡಿ ಚೂರು ಸಕ್ಕರೆ ಹಾಕಿದ ಹಾಗಿತ್ತು. ಮಗಳ ಬಗ್ಗೆ ಗೌರವ ಹುಟ್ಟಿತು.

ಇಲ್ಲಿ ಬಾಟಲಿಯ ವಿಷಯ ಬಂತು. ನಾನು ಬೆಂಗಳೂರಿನಿಂದ ತರಿಸಿದ, ಹೊಟ್ಟೆಗೆ ಗಾಳಿ ಹೋಗದಂತೆ ಒಳಗೊಂದು ಕೊಳವೆಯಿರುವ ದುಬಾರಿ ಬಾಟಲಿಗಳು ನಾಲ್ಕು. ಆಯಿಯ ಹತ್ತಿರ ಅವಳ ಅಜ್ಜಿಯ ಕಾಲದ ಬೆಳ್ಳಿಯ ಒಳಲೆ ಒಂದು. ನಾನು ಒಳಲೆಯನ್ನು ವಸ್ತುಸಂಗ್ರಹಾಲಯಕ್ಕೆ ಕೊಡು ಎಂದಿದ್ದೆ. ಕೂಸನ್ನು ಮತ್ತೆ ತೋರಿಸಲು ಆಯಿಯ ಜೊತೆ ಹೋದಾಗ ಡಾಕ್ಟರಮ್ಮ ಬಾಟಲಿ ನೋಡಿದ್ದೇ, ‘ಇದರ ನಿಪ್ಪಲ್ಲಿನ ಸಂದಿಯಲ್ಲಿ ಕೊಳೆ ಕೂರುತ್ತದೆ, ತೊಳೆಯುವುದು ಕಷ್ಟ. ಮನೆಯಲ್ಲಿ ಒಳಲೆ ಇಲ್ಲವಾ? ದೊಡ್ಡ ಆಸ್ಪತ್ರೆಗಳಲ್ಲಿ ತಿಂಗಳು ತುಂಬದ ಮಕ್ಕಳಿಗೂ ಅಂಥದ್ದರಲ್ಲೇ ಕುಡಿಸುತ್ತಾರೆ’ ಎಂದುಬಿಟ್ಟರು. ಆಯಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬರುವಾಗ ಬಸ್ಸಿನಲ್ಲಿ ಇಬ್ಬರು ಅಪರಿಚಿತರಿಗೆ ಹೇಳಿದಳು. ಒಳಲೆಗೆ ಬಂದ ಈ ಸರ್ಟಿಫಿಕೇಟಿನಿಂದ ಅವಳಿಗೆ ಸೋಯಾದ ಮೇಲಿನ ಸಿಟ್ಟೂ ಅರ್ಧ ಇಳಿಯಿತು. ಒಳಲೆಯ ಮೂತಿಯಿಂದ ಹನಿಹನಿಯಾಗಿ ಬಂದರೆ ಕೂಸೂ ಕುಡಿಯಿತು. ನಾಲ್ಕು ಬಾಟಲಿಗಳಲ್ಲಿ ಈಗ ಮಿಡಿ ಉಪ್ಪಿನಕಾಯಿಯ ರಸ ಇದೆ.

ಆದರೆ ಅಳತೆ. ಮೂವತ್ತು ಮಿಲಿ ನೀರಿಗೆ ಒಂದು ಚಮಚ, ತಲೆ ಸವರಿ. ಆಯಿಯ ಕೈಯಲ್ಲಿ ಚಮಚ ಯಾವತ್ತೂ ಗೋಪುರವಾಗಿಯೇ ಏಳುತ್ತಿತ್ತು. ‘ಕೂಸಿನ ಬಾಯಿಗೆ ಹಾಕದಕ್ಕೂ ಲೆಕ್ಕ ಎಂತಕ್ಕೆ?’ ಗಟ್ಟಿಯಾದರೆ ಹೊಟ್ಟೆ ಕಟ್ಟುತ್ತದೆ, ತೆಳುವಾದರೆ ಪುಷ್ಟಿಯಿಲ್ಲ ಎಂದು ನಾನು ಅಡಿಕೆ ಸುಲಿಯುವ ಕತ್ತಿಯ ಹಿಂಬದಿಯಿಂದ ಚಮಚದ ತಲೆ ಸವರುತ್ತಿದ್ದೆ. ಕತ್ತಿ ಯಾವುದು ಎಂದು ಇವಳಿಗೆ ತಿಳಿದ ದಿನ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಕಣ್ಣಿಟ್ಟಿರಬೇಕಾದದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸೋಯಾ ಶುರುವಾದ ಮೇಲೆ ಬಟ್ಟೆಯಲ್ಲಿ ದಿನಕ್ಕೊಂದು ಬಣ್ಣ. ಡಾಕ್ಟರಮ್ಮ ಫೋನಿನಲ್ಲಿ ‘ಹೇಗಿದೆ?’ ಎಂದು ಕೇಳಿದರೆ ಇವಳು ಬಣ್ಣಕ್ಕೆ ಶಬ್ದ ಸಿಗದೆ ತೊದಲುತ್ತಿದ್ದಳು. ಆಯಿ ಅಡಿಕೆಯ ದರ್ಜೆಗಳಲ್ಲೇ ದಾರಿ ಕಂಡುಹಿಡಿದಳು. ಐವತ್ತು ವರ್ಷ ಅಡಿಕೆ ಆರಿಸಿದ ಕಣ್ಣು ಅವಳದು. ಒಂದು ಸಲ ಬಗ್ಗಿ ನೋಡಿ, ‘ಇವತ್ತು ರಾಶಿ’ ಅಂದಳು. ಮರುದಿನ ‘ಬೆಟ್ಟೆ’. ಒಂದು ಸಂಜೆ ಮುಖ ಸಿಂಡರಿಸಿ ‘ಗೊರಬಲು’ ಅಂದಾಗ ಮನೆಗೆ ಮನೆಯೇ ಗಾಬರಿ. ಹದಿನೈದನೇ ದಿನ ಬೆಳಗ್ಗೆ, ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ನನಗೆ ಒಳಗಿನಿಂದ ಕೂಗು ಕೇಳಿತು. ‘ತಮಾ, ಸರಕು ಬಂತು!’ ಸರಕಿನ ಧಾರಣೆ ಏರಿದಾಗಲೂ ನಾನು ಅಷ್ಟು ಖುಷಿಯಾಗಿ ಒಳಗೆ ಓಡಿದವನಲ್ಲ. ದದ್ದು ಇಳಿದಿತ್ತು, ರಕ್ತದ ಎಳೆ ನಿಂತಿತ್ತು.

ಇಷ್ಟೆಲ್ಲ ಊರಿಗೆ ಗೊತ್ತಾಗದಂತೆ ನಡೆಯಬೇಕಿತ್ತು. ಹಾಲು ಸಂಘದ ನಿರ್ದೇಶಕನ ಮನೆಯಲ್ಲಿ ಸೋಯಾ ಅಂದರೆ ಪುರೋಹಿತರ ಮನೆಯಲ್ಲಿ ಮೊಟ್ಟೆ ಸಿಕ್ಕ ಹಾಗೆ. ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಒಂದು ದಿನ ಸಂಘದ ಕಾರ್ಯದರ್ಶಿ ಸಹಿಗೆಂದು ನೇರ ಅಡುಗೆಮನೆಯ ಬಾಗಿಲಿಗೇ ಬಂದ. ಡಬ್ಬಿ ಒಲೆಯ ಕಟ್ಟೆಯ ಮೇಲಿತ್ತು. ‘ಇದೆಂತದು ಹೆಗಡೇರೇ?’

‘ಅದಾ, ಆಯಿಗೆ ಮಂಡಿ ನೋವು. ಅದರ ಪುಡಿ.’

ಅಡಿಕೆ ಬೆಳೆಗಾರನ ಮನೆಯಲ್ಲಿ ಮಂಡಿಯ ನೋವಿಗೆ ಎರಡರ್ಥ. ಅವನು ಎರಡನ್ನೂ ನಂಬಿದ. ಮಾರನೇ ದಿನದಿಂದ ಆ ಪುಡಿಯ ಹೆಸರು ಕೇಳಿಕೊಂಡು ಮೂವರು ಬಂದರು. ಗುಡ್ಡ ಹತ್ತಿ ಸೊಪ್ಪು ತರುವ ಆಯಿ, ಜನ ಕಂಡ ಕೂಡಲೇ ಕುಂಟಬೇಕಾಯಿತು. ಒಮ್ಮೆ ಬಲಗಾಲು, ಒಮ್ಮೆ ಎಡಗಾಲು.

ಈ ನಡುವೆ ಹೊಳೆಯಾಚೆಯ ಅತ್ತೆ ಬಂದರು. ಮೊದಲಾದರೆ ಶರಾವತಿ ಹಿನ್ನೀರು ದಾಟಲು ಲಾಂಚ್ ಕಾಯಬೇಕು, ಸಂಜೆಯಾದರೆ ಅದೂ ಇಲ್ಲ ಎಂಬ ಭರವಸೆ ಅಳಿಯಂದಿರಿಗಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ, ಆಟೋದಲ್ಲಿ ಐದು ನಿಮಿಷ. ಅತ್ತೆ ವಾರಕ್ಕೆರಡು ಸಲ ಬರತೊಡಗಿದರು. ಬಂದವರು ನನ್ನನ್ನು ಬೈಯಲಿಲ್ಲ. ‘ಅಳಿಯಂದಿರು ತಿಳಿದವರು’ ಎಂದಷ್ಟೇ ಹೇಳಿದರು, ಪ್ರತಿ ಸಲವೂ.

ಉಳಿತಾಯಕ್ಕೆಂದು ನಾನೇ ಸೋಯಾ ಕಾಳು ತಂದು ನೆನೆಸಿ ಮಿಕ್ಸಿಗೆ ಹಾಕಿದ್ದೂ ಈ ದಿನಗಳಲ್ಲೇ. ಡಾಕ್ಟರಮ್ಮನ ಗದರಿಕೆಗೆ ಅದು ಒಲೆಯಿಂದ ಇಳಿಯಿತು. ಡಬ್ಬಿಯದ್ದರಲ್ಲಿ ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್, ಸುಣ್ಣದ ಅಂಶ, ಕಬ್ಬಿಣ, ಜೀವಸತ್ವ ಎಲ್ಲ ಲೆಕ್ಕ ಹಾಕಿ ಸೇರಿಸಿರುತ್ತಾರೆ, ಮಿಕ್ಸಿ ಅದನ್ನೆಲ್ಲ ಮಾಡುವುದಿಲ್ಲ. ಆ ಪಾತ್ರೆಯನ್ನು ಜೆರ್ಸಿಯ ಮುಂದಿಟ್ಟೆ. ಅದು ಖುಷಿಯಿಂದ ಕುಡಿಯಿತು.

ನಿಜವಾದ ತಪಸ್ಸು ಇವಳದು. ಮಲೆನಾಡಿನ ಊಟದಿಂದ ಮಜ್ಜಿಗೆ ತೆಗೆದರೆ ಉಳಿಯುವುದು ಬಾಳೆಲೆ. ಒಂದೆಲಗದ ತಂಬುಳಿಗೆ ಕಾಯಿಹಾಲು, ದೋಸೆಗೆ ಕೊಬ್ಬರಿ ಎಣ್ಣೆ, ಕೊನೆಯ ಅನ್ನಕ್ಕೆ ಏನೂ ಇಲ್ಲ. ನಾಲ್ಕನೇ ದಿನ ಅವಳ ಎದುರು ನಾನು ಮೊಸರು ಕಲಸಿ ಸೊರ್ ಎಂದೆ. ‘ಗಿಡ್ಡದ ಹಾಲು ಕುಡಿಸಿದ್ದು ನೀವು, ಪಥ್ಯ ನನಗೆ’ ಎಂದಳು. ಅಲ್ಲಿಗೆ ಇಡೀ ಮನೆಗೆ ಪಥ್ಯ. ಆಯಿ ಹಾಲಿಲ್ಲದ ಕಷಾಯ ಕುಡಿದಳು, ನಾನು ಕಪ್ಪು ಕಾಫಿ. ಗಿಡ್ಡದ ಹಾಲು ಏನು ಮಾಡುವುದು? ಅದನ್ನೂ ಜೆರ್ಸಿಯದರ ಜೊತೆ ಡೈರಿಗೆ ಹೊಯ್ದೆ. ಫ್ಯಾಟು ಏರಿತು.

ಸೆಪ್ಟೆಂಬರಿನಲ್ಲಿ ಸಂಘದ ವಾರ್ಷಿಕ ಮಹಾಸಭೆ. ಆ ಸಾಲಿನ ಮಳೆಗಾಲದಲ್ಲಿ ಉತ್ತಮ ಗುಣಮಟ್ಟದ ಹಾಲು ಹಾಕಿದ ಸದಸ್ಯರಿಗೆ ಬಹುಮಾನ ಎಂದು ಕಾರ್ಯದರ್ಶಿ ನನ್ನ ಹೆಸರು ಕೂಗಿದ. ಮನೆಯಲ್ಲಿ ಒಂದು ತೊಟ್ಟೂ ಇಟ್ಟುಕೊಳ್ಳದೆ ಸಂಘಕ್ಕೇ ಅರ್ಪಿಸಿದ ತ್ಯಾಗಜೀವಿ ಎಂದು ಸೇರಿಸಿದ. ಇವಳು ಮುಂದಿನ ಸಾಲಿನಲ್ಲಿ ಕೂಸನ್ನೆತ್ತಿಕೊಂಡು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಹಾಲಿನ ಬಗ್ಗೆ ನಾಲ್ಕು ಮಾತಾಡಿ ಎಂದು ಮೈಕ್ ಕೊಟ್ಟರು. ನಾನು ‘ಎಲ್ಲರಿಗೂ ನಮಸ್ಕಾರ’ ಎಂದು ಇಳಿದೆ. ಎಂಟು ಜನ ನಿರ್ದೇಶಕರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಹುಮಾನ ಐದು ಲೀಟರಿನ ಸ್ಟೀಲ್ ಕ್ಯಾನು, ಅಗಲ ಬಾಯಿಯದ್ದು, ಬಿಗಿ ಮುಚ್ಚಳದ್ದು. ಮೇಲೆ ಸಂಘದ ಹೆಸರು, ಕೆಳಗೆ ನನ್ನದು. ಆಯಿ ಅದನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಮಳೆಗಾಲದಲ್ಲಿ ಪುಡಿಗೆ ಥಂಡಿ ಹಿಡಿಯುತ್ತದೆ, ಇರುವೆ ಬೇರೆ ಎಂದು ಅವಳು ಮೂರು ತಿಂಗಳಿಂದ ಹೇಳುತ್ತಲೇ ಇದ್ದಳು. ಕ್ಯಾನು ತೊಳೆದು, ಒರೆಸಿ, ಬಿಸಿಲಿಗಿಟ್ಟು, ಸಂಜೆ ಸೋಯಾ ಡಬ್ಬಿಯನ್ನು ಅದರೊಳಗೆ ಇಳಿಸಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು.