ಶನಿವಾರ ಮೀಮಾಂಸೆ: ಕುಷಾಯಿಗೂಡದ ದೇವದತ್ತನ ಗೃಹಸ್ಥಧರ್ಮ ವಿಚಾರ

ಗಣಪತಿಗೆ ವಂದಿಸಿ ಗ್ರಂಥಕ್ಕೆ ಕೈಹಾಕುವುದು ಸಂಪ್ರದಾಯ. ಈ ಗ್ರಂಥದ ವಸ್ತು ಸಂಸಾರ; ಗಣಪತಿಯೋ ನಮ್ಮ ಕಡೆಯವರ ನಂಬಿಕೆಯಂತೆ ಬ್ರಹ್ಮಚಾರಿ. ಆದ್ದರಿಂದ ಅವನಿಗೆ ತೊಂದರೆ ಕೊಡದೆ ಹೈದರಾಬಾದಿನ ಕುಷಾಯಿಗೂಡದ ಬಸ್ ಡಿಪೊಗೆ ಕೈಮುಗಿದು ಆರಂಭಿಸುತ್ತೇವೆ. ಅಲ್ಲಿಂದ ಬೆಳಗ್ಗೆ ಹೊರಟ ಬಸ್ಸು ರಾತ್ರಿ ತಿರುಗಿ ಅಲ್ಲಿಗೇ ಬರುತ್ತದೆ. ಇಷ್ಟೇ ಶಿಸ್ತು ನಮ್ಮ ನಾಯಕನಿಗೆ ಇದ್ದಿದ್ದರೆ ಈ ಗ್ರಂಥ ಹುಟ್ಟುತ್ತಿರಲಿಲ್ಲ.

ನಾಯಕನ ಹೆಸರು ದೇವದತ್ತ. ಇದು ನಾವಿಟ್ಟ ಹೆಸರಲ್ಲ. ಪ್ರಾಚೀನ ಮೀಮಾಂಸಕರು ಅರ್ಥಾಪತ್ತಿ ಎಂಬ ಪ್ರಮಾಣಕ್ಕೆ ಕೊಡುವ ಉದಾಹರಣೆಯಲ್ಲೇ ಆತ ಬರುತ್ತಾನೆ: ದೇವದತ್ತ ಬದುಕಿದ್ದಾನೆ, ಆದರೆ ಮನೆಯಲ್ಲಿಲ್ಲ, ಹಾಗಾದರೆ ಅವನು ಹೊರಗಿರಲೇಬೇಕು. ಶಬರಸ್ವಾಮಿಯ ಭಾಷ್ಯವನ್ನು ಓದಿದ ವಿದ್ವಾಂಸರು ಈ ವಾಕ್ಯದ ತರ್ಕವನ್ನು ಕುರಿತು ಶತಮಾನಗಟ್ಟಲೆ ಜಗಳವಾಡಿದರೇ ಹೊರತು, ದೇವದತ್ತ ಮನೆಯಲ್ಲಿ ಯಾಕಿಲ್ಲ ಎಂದು ಒಬ್ಬನೂ ಕೇಳಲಿಲ್ಲ. ಕೇಳಬೇಕಾದವಳು ಅವನ ಹೆಂಡತಿ. ಅವಳನ್ನು ಯಾರೂ ವಾದಕ್ಕೆ ಕರೆಯಲಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬುತ್ತೇವೆ. ದೇವದತ್ತ ಒಂದು ಯುವ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾನೆ. ಅದಕ್ಕೇ ಮನೆಯಲ್ಲಿಲ್ಲ.

ದಂಪತಿಗಳು ಮೂಲತಃ ಕಲ್ಯಾಣ ಕರ್ನಾಟಕದವರು. ಆತ ಕಲಬುರಗಿ ಕಡೆಯವನು, ಆಕೆಯ ತವರು ಭಾಲ್ಕಿ. ಇಸಿಐಎಲ್ ಕ್ರಾಸ್ ರೋಡಿಗೆ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ. ಆಕೆ ಬ್ಯಾಂಕಿನಲ್ಲಿದ್ದಾಳೆ. ಪೂರ್ವಸೂರಿಗಳು ಆಕೆಯ ಹೆಸರು ಹೇಳಿಲ್ಲವಾದ್ದರಿಂದ ನಾವೂ ಹೇಳುವುದಿಲ್ಲ.

ಇನ್ನು ಸಂಶಯ. ಕೆಲಸ, ವಾರಾಂತ್ಯದ ತಿರುಗಾಟ, ದಾಂಪತ್ಯ ಈ ಮೂರೂ ಒಂದೇ ಅಧಿಕರಣದಲ್ಲಿ ಇರಬಲ್ಲವೇ? ನೈಯಾಯಿಕರು ಪಂಚಾಂಗ ತೆಗೆದರೆ ಉತ್ತರ ಸಿಕ್ಕೀತು. ಕಾಲೇಜು ಹುಡುಗರಿಗೆ ಬಿಡುವು ಭಾನುವಾರ. ಚೆರ್ಲಪಲ್ಲಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹುಡುಗರಿಗೂ ಭಾನುವಾರವೇ. ಯುವಕರಿಗೆ ಯಾವಾಗ ಬಿಡುವೋ ಆವಾಗ ಯುವ ಕಾರ್ಯಕರ್ತನಿಗೆ ಕೆಲಸ; ಯುವಕರು ತರಗತಿಯಲ್ಲಿ ತೂಕಡಿಸುವ ಮಂಗಳವಾರ ಅವನಿಗೆ ಬಿಡುವು. ಬ್ಯಾಂಕುಗಳಿಗೋ 2015ರ ಸೆಪ್ಟೆಂಬರ್ 1ರಿಂದ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಮೇಲೆ ಭಾನುವಾರಗಳು. ಗಂಡನ ರಜೆ, ಹೆಂಡತಿಯ ರಜೆ ಎರಡನ್ನೂ ಪಕ್ಕಪಕ್ಕ ಬರೆದು ಸಾಮಾನ್ಯ ದಿನ ಹುಡುಕಿದರೆ ಸಿಗುವುದು ಅಕ್ಟೋಬರ್ 2 ಒಂದೇ. ಅಂದು ಸ್ವಚ್ಛತಾ ಶ್ರಮದಾನ.

ಪೂರ್ವಪಕ್ಷಿ ಹೇಳುತ್ತಾನೆ: ಯುವಸೇವೆ ಎಂದರೆ ತ್ಯಾಗ, ಹಿರಿಯರು ಹೀಗೇ ಬಾಳಿದರಲ್ಲ. ನಾವು ಹಿರಿಯರ ಪಟ್ಟಿಯನ್ನೇ ತೆಗೆಯುತ್ತೇವೆ. ರಾಷ್ಟ್ರೀಯ ಯುವ ದಿನವನ್ನು 1985ರಿಂದ ಜನವರಿ 12ರಂದು, ಅಂದರೆ ವಿವೇಕಾನಂದರ ಜನ್ಮದಿನದಂದು ಆಚರಿಸುತ್ತೇವೆ. ಅವರು ಷಿಕಾಗೋಗೆ ಹೊರಡುವ ಮುನ್ನ, 1893ರ ಫೆಬ್ರವರಿಯಲ್ಲಿ ಇದೇ ಸಿಕಂದರಾಬಾದಿನ ಮಹಬೂಬ್ ಕಾಲೇಜಿನಲ್ಲಿ ಮಾತನಾಡಿದ್ದರು. ಅವರು ಸಂನ್ಯಾಸಿ. ಇನ್ನು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್, ಖಾಕಿ ಚಡ್ಡಿಯಲ್ಲೇ ದೇಶ ಸುತ್ತಿದ ‘ಭಾಯಿಜಿ’. ರಾಷ್ಟ್ರೀಯ ಯುವ ಯೋಜನೆ ಕಟ್ಟಿದವರು. 1972ರಲ್ಲಿ ಚಂಬಲ್ ಡಕಾಯಿತರು ಬಂದೂಕು ಕೆಳಗಿಟ್ಟದ್ದು ಅವರ ಜೌರಾ ಆಶ್ರಮದಲ್ಲಿ. ಅವರು ಅವಿವಾಹಿತರು. ಡಕಾಯಿತರ ಮುಂದೆ ಕೈಕಟ್ಟಿ ನಿಂತ ಆ ಧೀರರಿಗೂ ಶನಿವಾರ ರಾತ್ರಿ ಊಟದ ಹೊತ್ತಿಗೆ ‘ನಾಳೆ ಕ್ಯಾಂಪ್ ಅದ’ ಎಂದು ಬಾಯಿ ಬಿಡುವ ಪ್ರಸಂಗ ಬರಲಿಲ್ಲ. ಹೀಗೆ ಈ ಶಾಸ್ತ್ರದ ಪ್ರಮಾಣಪುರುಷರಲ್ಲಿ ಮನೆಗೆ ಬೇಗ ಬಾ ಎನ್ನುವವರಿಲ್ಲದವರೇ ಮುಂದೆ ನಿಂತಿದ್ದಾರೆ. ಅವರ ವೇಳಾಪಟ್ಟಿಯನ್ನು ಸಂಸಾರಿಯ ಕೊರಳಿಗೆ ಕಟ್ಟುವುದು ಅಧಿಕಾರಿಭೇದವನ್ನು ಅರಿಯದವರ ಕೆಲಸ.

ನಾಯಕನ ವಯಸ್ಸಿನ ಪ್ರಶ್ನೆಯೂ ಇದೆ. 2003ರ ರಾಷ್ಟ್ರೀಯ ಯುವ ನೀತಿಯಂತೆ 13ರಿಂದ 35ರವರೆಗಿನವರು ಯುವಕರು. 2014ರ ನೀತಿ ಅದನ್ನು 15ರಿಂದ 29ಕ್ಕೆ ಇಳಿಸಿತು. ಮೂವತ್ತು ದಾಟಿದವರೆಲ್ಲ ಒಂದು ಸುತ್ತೋಲೆಗೆ ಮುದುಕರಾದರು. ಯಯಾತಿಗಾದರೂ ಶಪಿಸಲು ಶುಕ್ರಾಚಾರ್ಯನಿದ್ದ, ಯೌವನ ಸಾಲ ಕೊಡಲು ಪುರು ಇದ್ದ. ದೇವದತ್ತನ ಯೌವನವನ್ನು ಸಾಲ ಪಡೆದವರು ಜಿಲ್ಲೆಯ ಯುವಕರೆಲ್ಲ; ವಾಪಸು ಕೊಡುವ ಮಾತನ್ನು ಯಾರೂ ಎತ್ತಿಲ್ಲ.

ಕಾಲವಿಭಾಗ ಪ್ರಕರಣ. ಜನವರಿ 12ರಿಂದ 19 ಯುವ ಸಪ್ತಾಹ. ಸಂಕ್ರಾಂತಿ ಬರುವುದು ಇದರ ನಟ್ಟನಡುವೆ. ಹೀಗಾಗಿ ಭಾಲ್ಕಿಯಲ್ಲಿ ಅಳಿಯನಿಗೆಂದು ತಟ್ಟಿದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇಂದಿಗೂ ಅಳಿಯನ ಮುಖ ಕಂಡಿಲ್ಲ. ಜನವರಿ 25 ಮತದಾರರ ದಿನ, ಜೂನ್ 21 ಯೋಗ, ಆಗಸ್ಟ್ 12 ಅಂತರರಾಷ್ಟ್ರೀಯ ಯುವ ದಿನ, ಸೆಪ್ಟೆಂಬರ್ 24 ಎನ್ನೆಸ್ಸೆಸ್ ದಿನ, ಅಕ್ಟೋಬರ್ 31 ಏಕತಾ ಓಟ. ಓಟದ ವರದಿ ಮಾರನೆಯ ದಿನವೇ ಹೋಗಬೇಕಾದ್ದರಿಂದ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ರಾಜ್ಯೋತ್ಸವಕ್ಕೆ ಆಕೆ ಒಬ್ಬಳೇ ಹೋಗುತ್ತಾಳೆ. ಡಿಸೆಂಬರ್ 1 ಏಡ್ಸ್ ದಿನ. ಮದುವೆಯ ಮುಹೂರ್ತ ಇಟ್ಟ ಪುರೋಹಿತರಿಗೆ ಇದು ತಿಳಿದಿರಲಿಲ್ಲ. ವಿವಾಹ ವಾರ್ಷಿಕೋತ್ಸವದಂದು ದೇವದತ್ತ ಅಪರಿಚಿತರ ಎದೆಗೆ ಕೆಂಪು ರಿಬ್ಬನ್ ಚುಚ್ಚುತ್ತಿರುತ್ತಾನೆ.

ಎನ್ನೆಸ್ಸೆಸ್ ಎಂದಾಗ ಒಂದು ಲೆಕ್ಕ. ಅದು ಹುಟ್ಟಿದ್ದು 1969ರಲ್ಲಿ, ಬಳ್ಳಾರಿಯಿಂದ ಗೆದ್ದು ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ಅವರ ಕೈಯಲ್ಲಿ. ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಿದ ವಿದ್ಯಾರ್ಥಿಗೆ ಪ್ರಮಾಣಪತ್ರ ಉಂಟು. ಬ್ಯಾಂಕಿನವಳಾದ ಸಹಧರ್ಮಿಣಿ ಇದನ್ನು ದಿನಕ್ಕೆ ಇಳಿಸಿ ನೋಡಿದಳು: ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ‘ಇಷ್ಟರೆ ಮನಿಗಿ ಕೊಡ್ರಿ. ಸರ್ಟಿಫಿಕೇಟ್ ನಾನೇ ಬರ್ದು ಕೊಡ್ತೀನಿ’ ಎಂದಳು. ಈ ಯೋಜನೆಗೆ ನಾಯಕ ಇನ್ನೂ ಹೆಸರು ನೋಂದಾಯಿಸಿಲ್ಲ.

ಈಗ ಪ್ರವಾಸ ಪ್ರಕರಣ. ಗ್ರಂಥದ ಜೀವ ಇರುವುದು ಇಲ್ಲಿ. ಆಕೆಯ ಬಯಕೆ ದೊಡ್ಡದಲ್ಲ. ಊಟಿ ಕೇಳಲಿಲ್ಲ, ದುಬೈ ಕೇಳಲಿಲ್ಲ. ಕೊಲನುಪಾಕ ನೋಡಬೇಕು ಎಂದಳು. ಕಲ್ಯಾಣದ ಚಾಲುಕ್ಯರ ಕಾಲದ ಕೊಲ್ಲಿಪಾಕೆ ಅದು. ಕನ್ನಡ ಶಾಸನಗಳಿರುವ ಊರು, ಹೆಸರಾದ ಜೈನ ಬಸದಿ ಇರುವ ಊರು. ಅಲ್ಲಿನ ಸೋಮೇಶ್ವರಲಿಂಗದಿಂದ ರೇಣುಕಾಚಾರ್ಯರು ಅವತರಿಸಿದರೆಂಬುದು ವೀರಶೈವರ ನಂಬಿಕೆ, ಆಕೆಯ ಅಜ್ಜಿ ಹೇಳುತ್ತಿದ್ದ ಕತೆ. ಮೊದಲು ದೇವದತ್ತ ದೂರದ ನೆಪ ಹೇಳುತ್ತಿದ್ದ. 2025ರ ಜನವರಿ 6ರಂದು ಚೆರ್ಲಪಲ್ಲಿಯ ಹೊಸ ರೈಲ್ವೆ ಟರ್ಮಿನಲ್ ಉದ್ಘಾಟನೆಯಾದಾಗ ಆ ನೆಪವೂ ಬಿತ್ತು. ‘ಟೇಶನ್ನೇ ಮನಿ ಬಾಗಲಿಗಿ ಬಂದದ. ಇನ್ನೇನ್ ಹೇಳ್ತೀರಿ, ಹೇಳ್ರಿ’ ಎಂದಳು. ಘಟಕೇಸರ, ಬೀಬೀನಗರ, ಭುವನಗಿರಿ, ಆಲೇರು. ಆಲೇರಿನಲ್ಲಿ ಇಳಿದರೆ ಕೊಲನುಪಾಕ ಆಟೋ ದೂರ.

ಹೇಗೋ ಬಿಡುವು ಮಾಡಿಕೊಂಡು ಒಂದು ನಾಲ್ಕನೇ ಶನಿವಾರ ಹೊರಟರು. ದೇವದತ್ತ ಭುವನಗಿರಿಯಲ್ಲೇ ಇಳಿಸಿದ. ಕೋಟೆ ನೋಡಿ ಹೋಗೋಣ, ಇದೂ ನಮ್ಮದೇ, ತ್ರಿಭುವನಮಲ್ಲ ವಿಕ್ರಮಾದಿತ್ಯ ಕಟ್ಟಿಸಿದ್ದು ಎಂದ. ವಾದ ಸರಿ, ಉದ್ದೇಶ ಬೇರೆ. ಆ ಒಂಟಿ ಬಂಡೆಯ ಬುಡದಲ್ಲಿ ಬಂಡೆ ಹತ್ತುವ ತರಬೇತಿ ನಡೆಯುತ್ತದೆ. 2014ರ ಮೇ 25ರಂದು, ಹದಿನಾಲ್ಕು ತುಂಬುವ ಮೊದಲೇ ಎವರೆಸ್ಟ್ ಏರಿದ ಮಾಲಾವತ್ ಪೂರ್ಣಾ ಹಗ್ಗ ಹಿಡಿದು ಕಲಿತದ್ದು ಇಲ್ಲಿ. ದಂಪತಿ ಹತ್ತು ಮೆಟ್ಟಿಲು ಏರಿರಲಿಲ್ಲ, ಮೇಲಿಂದ ‘ಸಾರ್!’ ಎಂಬ ಕೂಗು. ಅವನ ಹಳೆಯ ಶಿಬಿರದ ಹುಡುಗರು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬ ವ್ಯಾಪ್ತಿಯಷ್ಟೇ ಗಟ್ಟಿಯಾದ ಇನ್ನೊಂದು ಇಲ್ಲಿ ಸಿದ್ಧವಾಯಿತು: ಎಲ್ಲೆಲ್ಲಿ ದೇವದತ್ತನೋ ಅಲ್ಲಲ್ಲಿ ಬ್ಯಾನರು. ಬುತ್ತಿಯ ಚೀಲದಲ್ಲಿ, ಶೇಂಗಾ ಹೋಳಿಗೆಯ ಡಬ್ಬಿಯ ಕೆಳಗೆ ಅದು ಮಡಚಿ ಕೂತಿತ್ತು. ಹತ್ತು ನಿಮಿಷದಲ್ಲಿ ಹಾಜರಿ ಹಿಡಿದು, ಪ್ರತಿಜ್ಞೆ ಮಾಡಿಸಿ, ಗುಂಪು ಫೋಟೋ ತೆಗೆಸಿದ. ಫೋಟೋ ತೆಗೆದವಳು ಹೆಂಡತಿ. ಹೋಳಿಗೆ ಫಲಾನುಭವಿಗಳಿಗೆ ಹಂಚಿಕೆಯಾಯಿತು. ಆಲೇರಿಗೆ ಹೋಗುವ ಗಾಡಿ ಅಷ್ಟರಲ್ಲಿ ಹೋಗಿತ್ತು.

ಮನೆಯಲ್ಲಿ ಆಮೇಲೆ ಜಗಳವಾಗಲಿಲ್ಲ ಎಂಬುದನ್ನು ಗಮನಿಸಬೇಕು. ಮತಯಂತ್ರ ತಯಾರಿಸುವ ಇಸಿಐಎಲ್ ಪಕ್ಕದಲ್ಲೇ ಇದ್ದರೂ ಇಬ್ಬರೇ ಮತದಾರರಿರುವ ಮನೆಯಲ್ಲಿ ಬಹುಮತ ಹುಟ್ಟುವುದಿಲ್ಲ. ಆಕೆ ಜಗಳಕ್ಕಿಂತ ಹರಿತವಾದ ಆಯುಧ ಎತ್ತಿದಳು. ಅವನ ವಾರ್ಷಿಕ ಕಾರ್ಯಕ್ರಮ ಪಟ್ಟಿಯನ್ನು ತೆಗೆದು, ನೆರೆಹೊರೆ ಯುವ ಸಂಸತ್ತಿಗೂ ಕ್ರೀಡಾಕೂಟಕ್ಕೂ ನಡುವೆ ಒಂದು ಸಾಲು ಸೇರಿಸಿದಳು: ‘ದಂಪತಿ ಶಿಬಿರ. ದಿನಾಂಕ: ಎರಡನೇ ಶನಿವಾರ. ಸ್ಥಳ: ಕೊಲನುಪಾಕ. ಭಾಗವಹಿಸುವವರು: ಇಬ್ಬರು. ಬ್ಯಾನರ್: ಇಲ್ಲ.’ ಕೆಳಗೆ ಷರಾ: ‘ಹಣ ಬಳಕೆ ಪ್ರಮಾಣಪತ್ರವನ್ನು ಏಳು ದಿನದೊಳಗೆ ಪತ್ನಿಗೆ ಸಲ್ಲಿಸತಕ್ಕದ್ದು.’

ಇದೇ ಸಿದ್ಧಾಂತ. ಪಟ್ಟಿಯಲ್ಲಿ ಇದ್ದದ್ದನ್ನು ದೇವದತ್ತ ಸತ್ತರೂ ಬಿಡುವವನಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಬದುಕಿದ್ದಾಗ ಮಾಡುವವನೂ ಅಲ್ಲ. ಇಷ್ಟು ವರ್ಷ ಕೆಲಸ, ತಿರುಗಾಟ, ದಾಂಪತ್ಯ ಈ ಮೂರರ ಸಮನ್ವಯ ಕೂಡಿಬರದಿದ್ದುದು ಪ್ರೀತಿಯ ಕೊರತೆಯಿಂದಲ್ಲ, ದಿನಾಂಕದ ಕೊರತೆಯಿಂದ. ದಿನಾಂಕ, ಸ್ಥಳ, ಖರ್ಚಿನ ಷರಾ ಮೂರೂ ಬಿದ್ದ ಕೂಡಲೇ ಆತ ಟಿಕೆಟ್ ತಂದ, ಆಲೇರಿನ ತನಕ ನಿದ್ದೆ ಮಾಡದೆ ಕೂತ, ಸೋಮೇಶ್ವರನ ಮುಂದೆ ಹಾಜರಿ ಪುಸ್ತಕ ಮಾತ್ರ ಹುಡುಕಿದ.

ಕುಷಾಯಿಗೂಡ, ಕಾಪ್ರಾ, ಮೌಲಾಲಿ, ಎ.ಎಸ್. ರಾವ್ ನಗರದ 15ರಿಂದ 29ರವರೆಗಿನ ಯುವಮಿತ್ರರಲ್ಲಿ ಗ್ರಂಥಕರ್ತನ ವಿನಂತಿ: ತಿಂಗಳ ಎರಡನೇ ಶನಿವಾರ ದೇವದತ್ತನಿಗೆ ಫೋನ್ ಮಾಡಬೇಡಿ. ಬಂಡೆ ಹತ್ತುವಾಗ ಕಂಡರೂ ಕಾಣದವರಂತೆ ಹತ್ತಿ. ಪ್ರಮಾಣಪತ್ರಕ್ಕೆ ಸಹಿ ಬೇಕಾದವರು ಮಂಗಳವಾರ ಬನ್ನಿ, ಅಂದು ಮನೆಯಲ್ಲೇ ಇರುತ್ತಾನೆ.