ಬಿಸಿಲಲ್ಲಿ ನಿಂತ ಗರಗಸ

ಸುಂಟಿಕೊಪ್ಪ ಕಡೆಯ ಬೆಳೆಗಾರರೊಬ್ಬರ ತೋಟದ ದಾರಿಗೆ ಅಡ್ಡಲಾಗಿ ಸಿಲ್ವರ್ ಓಕ್ ಉರುಳಿದ್ದು ಕಕ್ಕಡ ತಿಂಗಳ ಜಡಿಮಳೆಯಲ್ಲಿ. ಅದೂ ಅವರ ಹಳೆಯ ಮರ ಕೊಯ್ಯುವ ಮೆಷಿನ್ ಪ್ರಾಣ ಬಿಟ್ಟ ಮೂರನೇ ದಿನ. ಬಾಡಿಗೆಗೆ ಮೆಷಿನ್ ತರುವವನು ಫೋನ್ ಎತ್ತಲಿಲ್ಲ. ಆ ವಾರ ಅವನಿಗಿದ್ದಷ್ಟು ಬೇಡಿಕೆ ಇಡೀ ಹೋಬಳಿಯಲ್ಲಿ ಶಾಸಕರಿಗೂ ಇರಲಿಲ್ಲ. ಕರೆಂಟು ಹೋಗಿ ಎರಡು ದಿನವಾಗಿತ್ತು. ಬೆಳೆಗಾರರು ಜೀಪಿನಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಂಡು, ರೇಂಜ್ ಸಿಗುವ ಒಂದೇ ಜಾಗವಾದ ಕಾಫಿ ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತು, ಹಳೇ ಸಾಮಾನು ಮಾರುವ ಆ್ಯಪ್ ತೆರೆದರು.

ಸಿಕ್ಕೇಬಿಟ್ಟಿತು! ಜರ್ಮನ್ ಕಂಪನಿಯ ಕಿತ್ತಳೆ ಬಣ್ಣದ ಚೈನ್ ಸಾ. ಎರಡೇ ಸಲ ಬಳಸಿದ್ದು. ಜಾಗ ಮಡಿಕೇರಿ, ಬೆಲೆ 8,500 ರೂಪಾಯಿ. ಹೊಸದಕ್ಕಾದರೆ ಇದರ ನಾಲ್ಕೈದು ಪಟ್ಟು ಎಣಿಸಬೇಕು.

ಇಷ್ಟು ಅಗ್ಗ ಯಾಕೆ ಎಂಬ ಅನುಮಾನ ಅವರಿಗೂ ಬಾರದೆ ಇರಲಿಲ್ಲ. ಆದರೆ ಆ ಕಡೆಯಿಂದ ಉತ್ತರ ಮೊದಲೇ ಸಿದ್ಧವಾಗಿತ್ತು: ಮಾರುವವನು ಸೈನಿಕ, ಜಮ್ಮುವಿಗೆ ವರ್ಗ ಆಗಿದೆ, ನಾಳಿದ್ದು ಹೊರಡಬೇಕು, ಸಾಮಾನು ಹೊತ್ತೊಯ್ಯಲು ಆಗುವುದಿಲ್ಲ. ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಸಾಲಾಗಿ ಬಂದವು. ಪ್ರತಿ ಸಂದೇಶದ ಕೊನೆಗೂ ಜೈ ಹಿಂದ್.

ಕೊಡಗಿನಲ್ಲಿ ಸೈನಿಕ ಎಂದ ಮೇಲೆ ಚೌಕಾಸಿ ಮಾಡುವುದಕ್ಕೂ ನಾಲಿಗೆ ಏಳುವುದಿಲ್ಲ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ಹುಟ್ಟಿದ್ದು ಇದೇ ಜಿಲ್ಲೆಯ ಶನಿವಾರಸಂತೆಯಲ್ಲಿ. ಜನರಲ್ ತಿಮ್ಮಯ್ಯನವರು ಮಡಿಕೇರಿಯವರು. ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಇನ್ನು ಬೆಳೆಗಾರರ ಸ್ವಂತ ಭಾವನೇ ನಿವೃತ್ತ ಹವಾಲ್ದಾರ್. ಇಂಥವರ ಮುಂದೆ ಜೈ ಹಿಂದ್ ಎಂದರೆ ಅರ್ಧ ವ್ಯಾಪಾರ ಮುಗಿದ ಹಾಗೆಯೇ.

ಪಾಪ, ಅವರಿಗೆ ಗೊತ್ತಿಲ್ಲದ್ದೇನೆಂದರೆ ಈ ಸೈನಿಕ ಕೊಡಗಿಗೆಂದೇ ಹುಟ್ಟಿದವನಲ್ಲ. ಇದೇ ವರ್ಗಾವಣೆ, ಇದೇ ಅವಸರ, ಇದೇ ಗುರುತಿನ ಚೀಟಿ ಹಿಡಿದು ಅವನು ಬೆಂಗಳೂರಿನಲ್ಲಿ ಬುಲೆಟ್ ಬೈಕು ಮಾರುತ್ತಾನೆ, ಇನ್ನೊಂದೂರಲ್ಲಿ ಫ್ರಿಜ್ಜು. ರಾಜಸ್ಥಾನದ ಭರತ್‌ಪುರ, ಹರಿಯಾಣದ ನೂಹ್ ಕಡೆ ಇದೊಂದು ಗುಡಿ ಕೈಗಾರಿಕೆಯಂತೆ ಬೆಳೆದಿತ್ತು. 2023ರ ಏಪ್ರಿಲ್‌ನಲ್ಲಿ ಹರಿಯಾಣ ಪೊಲೀಸರು ಸುಮಾರು 5,000 ಸಿಬ್ಬಂದಿಯೊಂದಿಗೆ ನೂಹ್ ಜಿಲ್ಲೆಯ 14 ಹಳ್ಳಿಗಳ ಮೇಲೆ ಒಟ್ಟಿಗೇ ದಾಳಿ ಮಾಡಬೇಕಾಯಿತು ಎಂದರೆ ಕೈಗಾರಿಕೆಯ ಗಾತ್ರ ಊಹಿಸಬಹುದು.

ಮೊದಲು ‘ಆರ್ಮಿ ಪಾರ್ಸೆಲ್’ ಖರ್ಚೆಂದು 2,100 ರೂಪಾಯಿ. ಬೆಳೆಗಾರರು ಕಳಿಸಿದರು. ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ, ಜೀಪು ತೆಗೆದರೆ ತಾನೇ ಹೋಗಿ ತರಬಹುದಲ್ಲ ಎಂದು ಆಗ ಅವರಿಗೆ ಹೊಳೆಯಲೇ ಇಲ್ಲ. ಆಮೇಲೆ ಜಿಎಸ್‌ಟಿ 3,600. ಮೆಷಿನ್ ಕೈಸೇರಿದ ಮೇಲೆ ವಾಪಸ್ ಕೊಡುತ್ತಾರಂತೆ. ಇಲ್ಲಿ ಬೆಳೆಗಾರರು ಸ್ವಲ್ಪ ಗೊಣಗಿದರು. ಅದಕ್ಕೂ ಪರಿಹಾರ ಬಂತು: ಬೇಡವಾದರೆ ಬಿಡಿ ಸರ್, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮ್ಮ ಹಣ ನಿಮಗೇ ಬರುತ್ತದೆ.

ಕೊಡೆಯೊಳಗೆ ತಲೆ ತೂರಿಸಿ ಇಷ್ಟನ್ನೂ ಕೇಳುತ್ತಿದ್ದ ಹೆಂಡತಿ ಆಗ ಬಾಯಿ ಬಿಟ್ಟರು. “ಏನ್ರೀ, ಡೇರಿಯವರು ಹಾಲಿನ ದುಡ್ಡು ಹಾಕುವಾಗ ನಿಮ್ಮ ಪಿನ್ ಕೇಳ್ತಾರಾ?”

ಯುಪಿಐ ಬಗ್ಗೆ ಬ್ಯಾಂಕುಗಳು ವರ್ಷಗಟ್ಟಲೆ ಸಂದೇಶ ಕಳಿಸಿ ಹೇಳಲಾಗದ್ದನ್ನು ಆಕೆ ಒಂದು ಲೀಟರ್ ಹಾಲಿನಲ್ಲಿ ಹೇಳಿಬಿಟ್ಟರು. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಯಾವ ಪಿನ್ನೂ ಬೇಡ. ಆದರೆ 1930ಕ್ಕೆ ಫೋನ್ ಮಾಡಲು ಬೆಳೆಗಾರರು ನಾಚಿ ನಾಚಿ ಮರುದಿನ ಮಧ್ಯಾಹ್ನ ಮಾಡಿದರು. ಹಣ ಹೋದ ತಕ್ಷಣ ಈ ಸೈಬರ್ ಸಹಾಯವಾಣಿಗೆ ತಿಳಿಸಿದರೆ, ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆಹಿಡಿಸುವ ದಾರಿಯಿದೆ. ಇವರ 2,100 ಅಷ್ಟರಲ್ಲಿ ಎಷ್ಟು ಜಿಲ್ಲೆ ದಾಟಿತ್ತೋ, ಇನ್ನೂ ಬಂದಿಲ್ಲ.

ಸಂಜೆ ಬಂದ ಭಾವ ಗುರುತಿನ ಚೀಟಿಯ ಫೋಟೊ ನೋಡಿ ನಕ್ಕರು. “ಇದು ಕಳೆದುಹೋದ್ರೇ ನಮಗೆ ವಿಚಾರಣೆ ನಡೀತಿತ್ತು. ಇವನು ಮದುವೆ ಕಾಗದ ಹಂಚಿದ ಹಾಗೆ ಹಂಚ್ತಿದಾನಲ್ಲ ಮಾರಾಯ!” ಆಮೇಲೆ ಜಾಹೀರಾತಿನ ಫೋಟೊ ದೊಡ್ಡದು ಮಾಡಿ ನೋಡಿದವರು ಒಂದೇ ಮಾತು ಕೇಳಿದರು: “ಮಡಿಕೇರಿಲಿ ಇವತ್ತು ಬಿಸಿಲಿತ್ತಾ?”

ಎಲ್ಲರೂ ಬಗ್ಗಿ ನೋಡಿದರು. ಗರಗಸ ಒಣ ಹುಲ್ಲಿನ ಮೇಲೆ ಕೂತಿತ್ತು. ಅದರ ನೆರಳು ಗೆರೆ ಎಳೆದಷ್ಟು ಸ್ಪಷ್ಟವಾಗಿತ್ತು. ಕಕ್ಕಡದಲ್ಲಿ ಕೊಡಗಿನವರು ತಮ್ಮ ನೆರಳನ್ನೇ ನೋಡಿ ವಾರಗಳಾಗಿರುತ್ತವೆ. ಆಗಸ್ಟ್ 3ರ ಸುಮಾರಿಗೆ, ಕಕ್ಕಡ 18ಕ್ಕೆ, ಮದ್ದು ಸೊಪ್ಪು ಕೊಯ್ಯುವುದೂ ತೊಯ್ದುಕೊಂಡೇ. ಈ ಫೋಟೊದಲ್ಲಿ ಪಾಚಿಯಿಲ್ಲ, ಕೆಸರಿಲ್ಲ, ಒಂದು ಜಿಗಣೆಯೂ ಇಲ್ಲ. ಎರಡನೇ ಚಿತ್ರದ ಗೋಡೆಯಲ್ಲಿದ್ದ ಸಾಕೆಟ್ಟಿಗೆ ದುಂಡನೆಯ ತೂತುಗಳ ಬದಲು ಎರಡು ಉದ್ದ ಸೀಳು, ಅಮೆರಿಕದಲ್ಲಿರುವಂಥದು. ಮೈಸೂರಿನಲ್ಲಿ ಓದುವ ಮಗಳು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಇದೇ ಗರಗಸ ಇನ್ನೂ ಮೂರು ಊರುಗಳಲ್ಲಿ ಇದೇ ಬಿಸಿಲಲ್ಲಿ ಮಾರಾಟಕ್ಕಿದೆ ಎಂದು ತಿಳಿಸಿದಳು.

ಬೆಳೆಗಾರರಿಗೆ ನೋವಾದದ್ದು ಹಣ ಹೋದದ್ದಕ್ಕಲ್ಲ. ಸಂತೆಯಲ್ಲಿ 300 ರೂಪಾಯಿಯ ಕತ್ತಿ ಕೊಳ್ಳುವಾಗ ಉಗುರಿನ ಮೇಲೆ ಬಾಯಿ ಎಳೆದು, ಹಿಡಿ ಅಲ್ಲಾಡಿಸಿ, ಎರಡು ಸಲ ಎದ್ದು ಹೋದಂತೆ ಮಾಡುವ ಮನುಷ್ಯ ಅವರು. ಆಕಾಶ ನೋಡಿ ಮಳೆ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಬಲ್ಲವರಿಗೆ ಫೋಟೊದಲ್ಲಿದ್ದ ಬಿಸಿಲು ಕಾಣಲಿಲ್ಲ.

ಅಲ್ಲಿಂದಾಚೆಗೆ ಅವರು ಮಾರುವವರನ್ನೆಲ್ಲ ಪರೀಕ್ಷೆಗೆ ಕೂರಿಸತೊಡಗಿದರು. ಮೊದಲ ಪ್ರಶ್ನೆ: ಲೀಟರ್ ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸುತ್ತಿದ್ದಿರಿ? ಮೆಷಿನ್ ಹಿಡಿದವನು 20 ಮಿಲಿ ಎಂದು ನಿದ್ದೆಯಲ್ಲೂ ಹೇಳುತ್ತಾನೆ. ಒಬ್ಬ ಮಹಾಶಯ “ಇದು ಡೀಸೆಲ್ ಮಾಡೆಲ್ ಸರ್” ಎಂದ. ಎರಡನೆಯದು, ಈಗಲೇ ವಿಡಿಯೊ ಕಾಲ್‌ನಲ್ಲಿ ಹಗ್ಗ ಎಳೆದು ಸ್ಟಾರ್ಟ್ ಮಾಡಿ ತೋರಿಸಿ. ಅಲ್ಲಿಗೆ ಹೆಚ್ಚಿನವರಿಗೆ ರೇಂಜ್ ಹೋಗುತ್ತಿತ್ತು.

ಕೊನೆಗೆ ಕುಶಾಲನಗರ ಕಡೆಯವರೊಬ್ಬರು “ಬಂದು ನೋಡಿ, ದುಡ್ಡು ಆಮೇಲೆ” ಎಂದರು. ಬೆಳೆಗಾರರು ಹೋದವರೇ ಮೊದಲು ಸೈಲೆನ್ಸರ್ ಮುಟ್ಟಿ ನೋಡಿದರು. ಬಿಸಿಯಿದ್ದರೆ ಗಿರಾಕಿ ಬರುವ ಮೊದಲೇ ಓಡಿಸಿ ಪಳಗಿಸಿಟ್ಟಿದ್ದಾರೆಂದು ಅರ್ಥ. ತಣ್ಣಗಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಎಂಜಿನ್ ಆರೋಗ್ಯ, ಮಸಿ ಹಿಡಿದಿದ್ದರೆ ಸಂಶಯ. ಪ್ಲಗ್ ಮತ್ತೆ ಬಿಗಿದು, ಸ್ವಿಚ್ ಆಫ್ ಮಾಡಿ, ಹಗ್ಗದ ಹಿಡಿಯಲ್ಲೇ ಮೆಷಿನ್ ತೂಗಿಬಿಟ್ಟರು: ಕಂಪ್ರೆಷನ್ ಇದ್ದರೆ ತಡೆದು ತಡೆದು ಇಳಿಯುತ್ತದೆ, ಇಲ್ಲದಿದ್ದರೆ ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ. ಇದು ತಡೆದು ಇಳಿಯಿತು. ಕದ್ದ ಮಾಲೂ ಇಂಥ ಸಂತೆಗೆ ಬರುವುದರಿಂದ ಹಳೇ ಬಿಲ್ ಕೇಳಿ, ಮೆಷಿನ್ ನಂಬರ್ ತಾಳೆ ನೋಡಿದರು. ಆಮೇಲೆ 19,000 ಎಣಿಸಿದರು.

ಅಷ್ಟರಲ್ಲಿ ದಾರಿಗೆ ಬಿದ್ದಿದ್ದ ಸಿಲ್ವರ್ ಓಕನ್ನು ಆಳುಗಳು ಕೊಡಲಿಯಲ್ಲೇ ಕಡಿದು ಸೌದೆ ಮಾಡಿದ್ದರು.

ಆ ಜಾಹೀರಾತು ಈಗಲೂ ಇದೆ. ಮಡಿಕೇರಿಯ ಬದಲು ಸಕಲೇಶಪುರ ಎಂದಾಗಿದೆ, ಬೆಲೆ 500 ಇಳಿದಿದೆ. ಬಿಸಿಲು ಮಾತ್ರ ಹಾಗೆಯೇ ಇದೆ.